ನೂರಕ್ಕೆ ಮೂರು

ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಕಾರು ಅವರ ಬೀದಿಗೆ ತಿರುಗುತ್ತಿದ್ದಂತೆ ಅತ್ತೆ ಮಗುವಿನ ಮುಖದ ಮೇಲೆ ಬಟ್ಟೆ ಎಳೆದರು.

“ಬಿಸಿಲು,” ಅಂದರು.

ಆಕಾಶದ ತುಂಬ ಮೋಡ ಕವಿದಿತ್ತು. ಹೆರಿಗೆಯಾದಾಗಿನಿಂದ ಸೊಸೆಯ ಬಾಯಿಗೆ ಮಾತೇ ಬರುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಹೆರಿಗೆ ಕೋಣೆಯಲ್ಲಿ ನರ್ಸು “ಹೆಣ್ಣು ಮಗು” ಅಂದವಳು ಮುಂದೆ ಏನೋ ಹೇಳಲು ಹೋಗಿ ನಿಂತುಬಿಟ್ಟಿದ್ದಳು. ಆ ಅರ್ಧಕ್ಕೆ ನಿಂತ ಮಾತಿನಲ್ಲೇ ಏನೋ ಆಗಿದೆ ಅಂತ ಇವಳಿಗೆ ಗೊತ್ತಾಗಿತ್ತು. ಮಗುವನ್ನು ಎದೆಯ ಮೇಲೆ ಮಲಗಿಸಿದಾಗ ಕಣ್ಣಾರೆ ಕಂಡಳು. ಮೇಲ್ತುಟಿ ಎಡಗಡೆ ಸೀಳಿತ್ತು, ಸೀಳು ಮೂಗಿನ ಹೊಳ್ಳೆಯವರೆಗೂ ಹೋಗಿತ್ತು. ಬಾಯೊಳಗೆ ಅಂಗುಳವೂ ಕೂಡಿಕೊಂಡಿರಲಿಲ್ಲ. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು. ತಲೆತುಂಬ ಕೂದಲು, ಉದ್ದನೆ ಬೆರಳು, ಅಪ್ಪನದೇ ಕಿವಿ.

ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯಾಕೆ ಬಾಗಿಲಿಗೆ ಬಂದು, “ಎಲ್ಲಿ, ನೋಡೋಣ,” ಅಂದರು. ಅತ್ತೆ ನಿಲ್ಲಲೇ ಇಲ್ಲ. “ಕಾಮಾಲೆ ಇದೆ, ಗಾಳಿಗೆ ಒಡ್ಡಬೇಡಿ ಅಂದಿದಾರೆ ಡಾಕ್ಟರು,” ಅನ್ನುತ್ತಲೇ ಹತ್ತಿಬಿಟ್ಟರು. ಹಿಂದೆ ಚೀಲ ಹೊತ್ತು ಬರುತ್ತಿದ್ದ ಗಂಡ ಹೆಂಡತಿಯ ಮುಖ ನೋಡಿದ. ಅವಳು ಮೆಟ್ಟಿಲು ನೋಡುತ್ತಿದ್ದಳು.

ಆ ಮನೆಯಲ್ಲಿ ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಅಡುಗೆಮನೆ. ಮಾವ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಅವರಿಗೆ ಕಿವಿ ಮಂದ ಅಂತ ಮನೆಯವರೆಲ್ಲ ನಂಬಿದ್ದರು. ಅವರೂ ಅದನ್ನು ಸುಳ್ಳು ಮಾಡಲು ಹೋಗಿರಲಿಲ್ಲ. ಗಂಡ ಸಿಟಿ ಬಸ್ಸಿನ ಡ್ರೈವರ್. ಸೊಸೆ ಶರ್ಟ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಮೇಜಿನವಳು. ಹೊಲಿದು ಬಂದ ಶರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಉಳಿದ ದಾರ ಕತ್ತರಿಸಿ, ಸರಿ ಇದ್ದದ್ದನ್ನು ಒಂದು ಕಡೆ, ಸರಿ ಇಲ್ಲದ್ದನ್ನು ಇನ್ನೊಂದು ಕಡೆ ಹಾಕುವ ಕೆಲಸ. ಮನೆಯ ಆಡಳಿತ ಅತ್ತೆಯದು. ಯಾರು ಯಾವ ತಟ್ಟೆಯಲ್ಲಿ ಉಣ್ಣಬೇಕು ಅನ್ನುವುದರಿಂದ ಹಿಡಿದು ಯಾರು ಯಾವಾಗ ಸ್ನಾನಕ್ಕೆ ಹೋಗಬೇಕು ಅನ್ನುವವರೆಗೆ ಎಲ್ಲ ಅವರ ಬಾಯಲ್ಲೇ ತೀರ್ಮಾನವಾಗಬೇಕು.

ಅವತ್ತು ಮನೆಯೊಳಗೆ ಕಾಲಿಟ್ಟವರೇ ಅತ್ತೆ ತೀರ್ಮಾನ ಹೇಳಿದರು. ತಾಯಿ ಮಗು ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಮುಂದಿನ ಕೋಣೆ ಮಗಳಿಗೆ. ಮಗಳ ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದ, ಮಗಳು ಐದು ತಿಂಗಳ ಬಸುರಿ, ಇನ್ನು ಕೆಲವೇ ದಿನದಲ್ಲಿ ಇಲ್ಲಿಗೆ ಬರುವವಳಿದ್ದಳು.

“ಅವಳ ಕಣ್ಣಿಗೆ ಇದು ಬೀಳೋದು ಬೇಡ,” ಅಂದರು ಅತ್ತೆ.

“ಇದು ಅಂದ್ರೆ?” ಗಂಡ ಕೇಳಿದ.

“ಮಾತು ಹಿಡ್ಕೊಂಡು ಜಗ್ಗಬೇಡ ಕಣೋ. ಬಸುರಿ ಅವಳು. ಹೆದರಿಕೊಂಡ್ರೆ ಯಾರು ಹೊಣೆ?”

ಸೊಸೆ ಹಿಂದಿನ ಕೋಣೆಗೆ ಹೋಗಿ ಹಾಸಿಗೆ ಸರಿಮಾಡಿ, ಮಗುವನ್ನು ಮಲಗಿಸಿ, ಬಾಗಿಲು ತಾನೇ ಮುಂದೆ ಮಾಡಿಕೊಂಡಳು.

ಮೊದಲ ವಾರ ಕಳೆದ ಮೇಲೆ ಮತ್ತೆ ಆಸ್ಪತ್ರೆಗೆ ಹೋದರು. ಆಪರೇಷನ್ ಮಾಡುವ ಡಾಕ್ಟರಮ್ಮ ಮಗುವಿನ ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಮೊದಲು ತುಟಿ ಹೊಲಿಯಬೇಕು, ಅಂಗುಳ ಆಮೇಲೆ, ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ, ಅಂದರು. ತುಟಿಯ ಆಪರೇಷನ್ನಿಗೆ ಮಗು ಐದು ಕಿಲೋ ತೂಗಬೇಕು. ಅಲ್ಲಿಯವರೆಗೆ ಹಾಲು ಕುಡಿಸುವುದೊಂದೇ ಕೆಲಸ.

“ಯಾಕೆ ಹೀಗಾಯ್ತು ಡಾಕ್ಟ್ರೇ?” ಗಂಡ ಕೇಳಿದ.

“ಯಾರ ತಪ್ಪೂ ಅಲ್ಲ. ತುಟಿ ಕೂಡಿಕೊಳ್ಳೋದು ಎರಡನೇ ತಿಂಗಳಲ್ಲಿ. ಎಷ್ಟೋ ಜನಕ್ಕೆ ಬಸುರಿ ಅಂತ ಸರಿಯಾಗಿ ಗೊತ್ತಾಗೋ ಮುಂಚೆ. ಹುಟ್ಟೋ ನೂರು ಮಕ್ಕಳಲ್ಲಿ ಮೂರಕ್ಕೆ ಏನಾದರೊಂದು ಊನ ಇರುತ್ತೆ. ಕೆಲವರದು ಕಾಣುತ್ತೆ, ಕೆಲವರದು ಒಳಗಡೆ.”

ಅತ್ತೆಗೆ ಇದು ನಂಬುವ ಮಾತಾಗಿ ಕಾಣಲಿಲ್ಲ. “ನೂರಕ್ಕೆ ಮೂರು ಅಂತೀರಿ. ನಮ್ಮ ಬೀದೀಲಿ ಎಷ್ಟು ಮನೆ, ಎಷ್ಟು ಮಕ್ಕಳು. ನಾನಂತೂ ಒಂದನ್ನೂ ಕಂಡಿಲ್ಲ.”

ಡಾಕ್ಟರಮ್ಮ ಅತ್ತೆಯ ಮಡಿಲಲ್ಲಿದ್ದ, ಆ ಹೊತ್ತಿಗಾಗಲೇ ಮತ್ತೆ ಮುಖದ ತುಂಬ ಬಟ್ಟೆ ಹೊದ್ದುಕೊಂಡಿದ್ದ ಗಂಟನ್ನು ನೋಡಿದರು. “ನಿಮ್ಮ ಮೊಮ್ಮಗಳನ್ನು ಬೀದಿಯವರು ಯಾರಾದರೂ ಕಂಡಿದಾರಾ, ಅಮ್ಮ?”

ಅತ್ತೆ ಬಟ್ಟೆಯ ಅಂಚು ಸರಿಮಾಡಿದರು. ಗಂಡ ಕೆಮ್ಮಿದ. ಸೊಸೆಗೆ ಮಾತ್ರ ಫ್ಯಾಕ್ಟರಿ ನೆನಪಾಯಿತು. ನೂರು ಶರ್ಟಿಗೆ ಮೂರು ವಾಪಸಾದರೆ ಅವರ ಲೈನಿನಲ್ಲಿ ಅದು ಒಳ್ಳೆಯ ದಿನ. ಸೂಪರ್‌ವೈಸರ್ ಎಲ್ಲರಿಗೂ ಚಹಾ ತರಿಸುತ್ತಿದ್ದ. ಇಷ್ಟು ಯೋಚನೆ ಬಂದಿದ್ದಕ್ಕೆ ನಾಚಿಕೆಯಾಗಬೇಕಿತ್ತು ಅನ್ನಿಸಿತು. ನಾಚಿಕೆಯೂ ಆಗಲಿಲ್ಲ.

ಹಾಲು ಕುಡಿಸುವುದು ಹೇಳಿದಷ್ಟು ಸುಲಭದ್ದಾಗಿರಲಿಲ್ಲ. ಮಗುವಿಗೆ ಎದೆ ಚೀಪಲು ಆಗದು. ಬಾಯಿ ಮುಚ್ಚಿಕೊಳ್ಳದೆ ಎಳೆತ ಸಿಗದು. ಹಾಲನ್ನು ಹಿಂಡಿ ಬಟ್ಟಲಿಗೆ ತೆಗೆಯಬೇಕು. ಮಗುವನ್ನು ನೆಟ್ಟಗೆ ಕೂರಿಸಿದಂತೆ ತೊಡೆಯ ಮೇಲೆ ಹಿಡಿಯಬೇಕು. ಮೂತಿ ಚೂಪಾದ ಪುಟ್ಟ ಒಳಲೆಯಲ್ಲಿ ಹಾಲು ತುಂಬಿ, ಕೆನ್ನೆಯ ಕಡೆಯಿಂದ ಹನಿಹನಿಯಾಗಿ ಬಿಡಬೇಕು. ಕೊಂಚ ಜಾಸ್ತಿಯಾದರೆ ಮೂಗಿನಿಂದ ಬರುತ್ತದೆ, ಮಗು ಕೆಮ್ಮುತ್ತದೆ, ಕುಡಿದದ್ದೂ ಹೊರಗೆ. ಆಮೇಲೆ ಬೆನ್ನು ತಟ್ಟಬೇಕು, ಬಾಯಿ ಒರೆಸಬೇಕು, ಒಳಲೆ ಕುದಿಸಬೇಕು. ಒಂದು ಸಲ ಮುಗಿಯುವುದರೊಳಗೆ ಮುಂದಿನ ಸಲದ ಹೊತ್ತಾಗಿರುತ್ತಿತ್ತು.

ಸೊಸೆ ಇದನ್ನೆಲ್ಲ ಫ್ಯಾಕ್ಟರಿ ಕೆಲಸದಂತೆ ಅಚ್ಚುಕಟ್ಟಾಗಿ ಮಾಡಿದಳು. ಒಂದು ಹನಿ ಚೆಲ್ಲುತ್ತಿರಲಿಲ್ಲ, ಒಂದು ಹೊತ್ತು ತಪ್ಪುತ್ತಿರಲಿಲ್ಲ. ಕಣ್ಣು ಮಾತ್ರ ಒಳಲೆಯ ಮೂತಿಯ ಮೇಲೆ. ಮಗುವಿನ ಮುಖದ ಮೇಲೆ ಅದು ನಿಲ್ಲುತ್ತಿರಲಿಲ್ಲ.

“ಒಂದ್ಸಲ ಅತ್ತುಬಿಡು,” ಅಂದ ಗಂಡ ಒಂದು ಸಂಜೆ, ಸಮವಸ್ತ್ರದ ಗುಂಡಿ ಬಿಚ್ಚುತ್ತ. “ಮನಸ್ಸು ಹಗುರಾಗುತ್ತೆ.”

“ಅಳು ಬರ್ತಾ ಇಲ್ಲ.”

“ಬಯ್ಯೋದಾದ್ರೂ ಬಯ್ಯಿ. ಅಮ್ಮನ್ನ, ನನ್ನ, ಯಾರನ್ನಾದ್ರೂ.”

“ಒಳಲೆ ಕುದೀತಾ ಇದೆ, ಇಳಿಸಿ ಬನ್ನಿ,” ಅಂದಳು ಅವಳು.

ನಾದಿನಿ ಬಂದಳು. ತುಂಬಿದ ಹೊಟ್ಟೆ, ಊದಿದ ಕಾಲು, ಬಾಯಿಬಡುಕಿ. ಬಂದವಳೇ “ಎಲ್ಲಿ ನಮ್ಮ ಪಾಪು” ಅಂದಳು. ಅತ್ತೆ ಅಡ್ಡ ನಿಂತರು. ಪಾಪುವಿಗೆ ನೆಗಡಿ, ಬಸುರಿಗೆ ಅಂಟಬಾರದು. ಮಾರನೇ ದಿನವೂ ನೆಗಡಿ. ಅದರ ಮಾರನೇ ದಿನ ಮೈಮೇಲೆ ಗುಳ್ಳೆ. ಅತ್ತ ಕೆಳಗಿನ ಮನೆಯಾಕೆಗೆ ಕಾಮಾಲೆ, ಇತ್ತ ಮಗಳಿಗೆ ಗುಳ್ಳೆ. ಯಾರಿಗೆ ಯಾವ ಕಾಯಿಲೆ ಹೇಳಿದೆ ಅನ್ನುವುದು ಅತ್ತೆಗೇ ಕಲಸಿಹೋಗತೊಡಗಿತು. ಕೆಳಗಿನ ಮನೆಯಾಕೆ ಕಾಮಾಲೆಗೆ ಅಂತ ಯಾವುದೋ ಕಷಾಯ ಕಾಯಿಸಿ ತಂದುಕೊಟ್ಟಾಗ ಅದನ್ನು ಇಸಿದುಕೊಂಡು ಮಾವನಿಗೆ ಕುಡಿಸಿದರು.

“ನನಗೇನಾಗಿದೆ?” ಅಂದರು ಮಾವ.

“ಕುಡೀರಿ ಸುಮ್ನೆ. ಪಾತ್ರೆ ವಾಪಸ್ ಕೊಡಬೇಕು.”

ಒಂದು ಸಂಜೆ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಅನ್ನ, ಬೇಯಿಸಿದ ಸೊಪ್ಪು, ಮೊಟ್ಟೆ. ನಾದಿನಿ ಬೇಗ ಉಂಡು ಮಲಗಿದ್ದಳು. ಸೊಸೆ ಹಾಲು ಕುಡಿಸಿ ಮುಗಿಸಿ ಕೊನೆಗೆ ಬಂದು ಕೂತಳು. ಅತ್ತೆ ಅವಳ ತಟ್ಟೆಗೆ ಸೊಪ್ಪು ಬಡಿಸುತ್ತ, ಯಾರಿಗೂ ಅಲ್ಲದೆ ಗೋಡೆಗೆ ಹೇಳುವಂತೆ ಹೇಳಿದರು.

“ಬಸುರಿ ಕತ್ತರಿ ಹಿಡೀಬಾರದು ಅಂತ ಬಡ್ಕೊಂಡೆ. ದಿನವಿಡೀ ಕಚಕಚ ಅಂತ ದಾರ ಕತ್ತರಿಸಿದ್ರೆ ಇನ್ನೇನಾಗುತ್ತೆ. ಕೇಳಿಸ್ಕೊಂಡವರು ಯಾರು?”

“ಅಮ್ಮ, ಡಾಕ್ಟರು ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ವಾ?” ಗಂಡ ತಟ್ಟೆಯಿಂದ ಕೈ ತೆಗೆದ.

“ಡಾಕ್ಟರು ಹೇಳ್ತಾರೆ. ಅವರ ಮನೇಲಿ ಆಗಿದ್ರೆ ಹೀಗೆ ಹೇಳ್ತಿದ್ರಾ? ನಮ್ಮ ಕಡೆ ಏಳು ತಲೆಮಾರಲ್ಲಿ ಯಾರಿಗೂ ಇಲ್ಲ.”

“ಏಳು ತಲೆಮಾರು ನೀನು ನೋಡಿದ್ಯಾ?”

“ನಿನ್ನ ಹೆಂಡತಿ ಕಡೆ ಕೇಳು ಮತ್ತೆ.”

ಸೊಸೆ ಮೊಟ್ಟೆ ಬಿಡಿಸುತ್ತಿದ್ದಳು. ಸಿಪ್ಪೆ ಒಂದೇ ಸಮನೆ ಬಂತು. ಅದನ್ನು ತಟ್ಟೆಯ ಅಂಚಿಗೆ ಇಟ್ಟಳು. ತನ್ನ ಬಗ್ಗೆ ನಡೆಯುತ್ತಿರುವ ಮಾತು ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿತ್ತು.

ಆಗ ಮಾವ ತಲೆ ಎತ್ತಿದರು. “ಇವನು ಹೊಟ್ಟೇಲಿದ್ದಾಗ ನೀನು ಹೊಲಿಗೆ ಮಿಷನ್ ಇಟ್ಕೊಂಡಿದ್ದೆ.”

ಅತ್ತೆ ತಿರುಗಿ ನೋಡಿದರು.

“ಬೀದಿಯವರ ರವಿಕೆ, ಲಂಗ ಎಲ್ಲ ನೀನೇ ಹೊಲೀತಿದ್ದೆ. ಹೆರಿಗೆ ನೋವು ಬಂದಾಗಲೂ ಕೈಯಲ್ಲಿ ಕತ್ತರಿ ಇತ್ತು. ನಾನೇ ಇಸಿದಿಟ್ಟೆ. ಇವನ ತುಟಿ ಎಲ್ಲಿ ಕತ್ತರಿಸಿಹೋಗಿದೆ, ತೋರಿಸು.”

ಡ್ರೈವರನ ಮುಖವನ್ನು ಎಲ್ಲರೂ ನೋಡಿದರು. ಸೊಪ್ಪು ಮೆತ್ತಿದ ತುಟಿ, ಎರಡೂ ಸರಿಯಾಗೇ ಇದ್ದವು. ಅತ್ತೆ ಎದ್ದು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅವತ್ತು ಪಾತ್ರೆ ತೊಳೆಯುವ ಸದ್ದು ಜೋರಾಗಿತ್ತು. ಮರುದಿನದಿಂದ ಕತ್ತರಿಯ ಮಾತು ಬರಲಿಲ್ಲ. ಬೇರೆ ಮಾತೂ ಬರಲಿಲ್ಲ. ಸೊಸೆಯ ತಟ್ಟೆಗೆ ಮೌನವಾಗಿಯೇ ಎರಡು ಮೊಟ್ಟೆ ಬೀಳತೊಡಗಿದವು. ಹಾಲು ಬತ್ತಬಾರದಲ್ಲ.

ಗಂಡನ ಬಸ್ಸಿನ ಕಂಡಕ್ಟರನನ್ನು ಡಿಪೋದಲ್ಲಿ ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಮೀಸೆ, ಅಷ್ಟೆ. ಪೊರಕೆಯಂಥ ದಪ್ಪ ಮೀಸೆ, ಈಗ ಅರ್ಧ ನರೆತಿತ್ತು. ಮದುವೆ ಮಾಡಿಕೊಳ್ಳದ ಮನುಷ್ಯ. ರಜದ ದಿನ ಇವರ ಮನೆಗೇ ಊಟಕ್ಕೆ ಬರುವುದು ವರ್ಷಗಳ ರೂಢಿ. ಅತ್ತೆಗೂ ಅವನೆಂದರೆ ಪ್ರೀತಿ; ಬಡಿಸಿದ್ದನ್ನು ಬೇಡ ಅನ್ನದವನು.

ಮಗು ಹುಟ್ಟಿದ ಮೇಲೆ ಅವನು ಬಂದಿರಲಿಲ್ಲ. ಬಂದ ದಿನ ಕೈಯಲ್ಲಿ ಪುಟ್ಟದೊಂದು ಉಣ್ಣೆಯ ಟೋಪಿ ಇತ್ತು.

“ಎಲ್ಲಮ್ಮ ಮೊಮ್ಮಗಳು?”

“ಮಲಗಿದೆ ಕಣಪ್ಪ. ಈಗತಾನೇ ಮಲಗ್ತು.”

ಹಿಂದಿನ ಕೋಣೆಯಿಂದ ಅಳು ಕೇಳಿಸಿತು. ಗಂಡ ಒಂದು ಗಳಿಗೆ ತಾಯಿಯ ಮುಖ ನೋಡಿ, ಎದ್ದು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದ. ಹಿಂದೆಯೇ ಸೊಸೆ, ಕೈಯಲ್ಲಿ ಒಳಲೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದರು.

ಮೀಸೆ ಮಗುವನ್ನು ಇಸಿದುಕೊಂಡ. ಮುಖ ನೋಡಿದ. ಬಹಳ ಹೊತ್ತು ನೋಡಿದ. “ಎಡಗಡೆ,” ಅಂದ ಕೊನೆಗೆ. “ನಂದೂ ಎಡಗಡೆ.”

ಯಾರಿಗೂ ಅರ್ಥವಾಗಲಿಲ್ಲ. ಅವನು ಮಗುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಮೀಸೆಯನ್ನು ಮೇಲಕ್ಕೆ ಒತ್ತಿ ಹಿಡಿದ. ಕೂದಲಿನ ಬುಡದಲ್ಲಿ, ತುಟಿಯಿಂದ ಮೂಗಿನವರೆಗೆ, ಹಳೆಯ ಹೊಲಿಗೆಯ ಬಿಳಿ ಗೆರೆ. ತುಟಿಯ ಅಂಚು ಅಲ್ಲಿ ಚೂರು ಮೇಲಕ್ಕೆ ಜಗ್ಗಿತ್ತು.

“ಇಷ್ಟು ವರ್ಷ ನನ್ನ ಬೆನ್ನ ಹಿಂದೇನೇ ನಿಂತು ಸೀಟಿ ಊದಿದೀಯ. ಒಂದ್ಸಲ ಹೇಳಬಾರದಿತ್ತಾ?” ಅಂದ ಗಂಡ.

“ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇದೇನು ಊರಿಗೆಲ್ಲ ಹೇಳ್ಕೊಂಡು ಬರೋ ವಿಷಯಾನಾ? ಮೀಸೆ ಮೂಡೋ ತನಕ ಶಾಲೇಲಿ ತುಂಬ ಆಡಿಸಿದ್ರು. ಮೂಡಿದ ಮೇಲೆ ಎಲ್ಲರೂ ಮರೆತ್ರು. ನಾನೂ ಮರೆತೆ.” ಅವನು ಸೊಸೆಯ ಕಡೆ ತಿರುಗಿದ. “ತಗೋ ತಂಗಿ, ನೋಡೋಣ, ಹೆಂಗೆ ಕುಡಿಸ್ತೀಯ. ನಮ್ಮಮ್ಮ ಚಮಚದಲ್ಲಿ ಕುಡಿಸ್ತಿದ್ಲಂತೆ.”

ಸೊಸೆ ಕೂತು ಕುಡಿಸಿದಳು. ಮೀಸೆ ಪಕ್ಕದಲ್ಲೇ ಕೂತು ನೋಡಿದ, ಬಸ್ಸಿನ ಟಿಕೆಟ್ ಇನ್‌ಸ್ಪೆಕ್ಟರಿಗೆ ಹುಟ್ಟುತ್ತಲೇ ಒಂದೇ ಮೂತ್ರಪಿಂಡ ಅಂತಲೂ, ಡಿಪೋದ ಕ್ಯಾಂಟೀನಿನವನಿಗೆ ಕಾಲಲ್ಲಿ ಆರು ಬೆರಳು, ಅದಕ್ಕೇ ಅವನು ಯಾವತ್ತೂ ಬೂಟು ಬಿಚ್ಚುವುದಿಲ್ಲ ಅಂತಲೂ ಹೇಳಿದ. ಅತ್ತೆ ಅಂದು ಅವನಿಗೆ ಮೂರು ಸಲ ಬಡಿಸಿದರು. ಅವನು ಹೋದ ಮೇಲೆ ಬಾಗಿಲು ಹಾಕಿ ಬಂದು ಹೇಳಿದರು:

“ಅವನೇನೋ ಗಂಡಸು, ಮೀಸೆ ಬಿಟ್ಟ. ಇದು ಹೆಣ್ಣು. ಇದಕ್ಕೆ ಎಲ್ಲಿಂದ ತರೋಣ ಮೀಸೆ?”

ಮಾವ ನಕ್ಕುಬಿಟ್ಟರು. ಗಂಡನೂ ನಕ್ಕ. ಅತ್ತೆ ನಗಿಸಲು ಹೇಳಿದ್ದಲ್ಲ. ಸೊಸೆ ನಗಲಿಲ್ಲ, ಅತ್ತೆ ಹೇಳಿದ್ದು ಸರಿಯಾದ ಪ್ರಶ್ನೆಯೇ ಅನ್ನಿಸಿತು ಅವಳಿಗೆ.

ನಾದಿನಿ ಇದೆಲ್ಲ ನಡೆದಾಗ ಪೇಟೆಗೆ ಹೋಗಿದ್ದಳು. ಆದರೆ ಅವಳೇನು ಕುರುಡಿಯಲ್ಲ, ಕಿವುಡಿಯೂ ಅಲ್ಲ. ಒಂದು ಮಧ್ಯಾಹ್ನ ಅತ್ತೆ ತರಕಾರಿಗೆ ಹೋಗಿದ್ದಾಗ ಹಿಂದಿನ ಕೋಣೆಯಲ್ಲಿ ಮಗು ಅಳತೊಡಗಿತು. ಅಳು ನಿಲ್ಲಲಿಲ್ಲ. ನಾದಿನಿ ಬಾಗಿಲು ತಳ್ಳಿ ಒಳಗೆ ಬಂದಳು. ಸೊಸೆ ಹಾಸಿಗೆಯ ಅಂಚಿನಲ್ಲಿ ಕೂತಲ್ಲೇ ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ಕೈಯಲ್ಲಿನ್ನೂ ಖಾಲಿ ಬಟ್ಟಲು.

ಎಚ್ಚರವಾದಾಗ ನಾದಿನಿ ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತಿದ್ದಳು. ಸೊಸೆ ಎದ್ದು ಬಟ್ಟೆಗಾಗಿ ಕೈ ಚಾಚಿದಳು.

“ಬಿಡಿ ಅತ್ತಿಗೆ. ನೋಡಿದ್ದಾಯ್ತು.” ನಾದಿನಿಯ ಮುಖ ಬಿಳಿಚಿಕೊಂಡಿತ್ತು, ಆದರೆ ಕೈ ಗಟ್ಟಿಯಾಗಿತ್ತು. “ಎಷ್ಟು ದಿನ ಅಂತ ನಾನು ಗೋಡೆ ಆಚೆ ಕೂತು ಕೇಳಿಸ್ಕೊಳ್ಳಲಿ? ನಾನು ಎಂತೆಂಥದೋ ಅಂದ್ಕೊಂಡಿದ್ದೆ. ಕಣ್ಣೇ ಇಲ್ಲವೇನೋ ಅಂದ್ಕೊಂಡಿದ್ದೆ. ಇದು ತುಟಿ ಅಷ್ಟೆ.”

“ಅಂಗುಳಾನೂ,” ಅಂದಳು ಸೊಸೆ.

ನಾದಿನಿ ಕೂತಳು. ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. “ನಂದೂ ಹೀಗಾಗುತ್ತಾ?”

“ಗೊತ್ತಿಲ್ಲ. ನೂರಕ್ಕೆ ಮೂರು ಅಂದ್ರು ಡಾಕ್ಟರು.”

“ಹಾಗಾದ್ರೆ ಈ ಮನೆಯ ಪಾಲು ಮುಗೀತಲ್ಲ.”

“ಹಾಗೆ ಪಾಲು ಹಂಚ್ಕೊಂಡು ಬರಲ್ಲ ಅದು.” ಸೊಸೆ ಇಷ್ಟು ದಿನದಲ್ಲಿ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. “ನಿಂದು ಚೆನ್ನಾಗೇ ಇರಬಹುದು. ಬಹಳ ಜನರದು ಚೆನ್ನಾಗೇ ಇರುತ್ತೆ.”

ಆಗ ಮಗು ನಕ್ಕಿತು. ನಾದಿನಿಯ ಕಿವಿಯ ಓಲೆ ಅಲ್ಲಾಡಿದ್ದನ್ನು ನೋಡಿಯೋ, ಸುಮ್ಮನೆಯೋ. ಸೀಳಿದ ತುಟಿ ಎರಡೂ ಕಡೆಗೆ ತೆರೆದುಕೊಂಡು, ನಗು ಕೆನ್ನೆ ದಾಟಿ ಮೂಗಿನವರೆಗೆ ಹರಡಿ, ಮುಖ ಪೂರಾ ನಗುವೇ ಆಗಿಹೋಯಿತು.

“ಅಯ್ಯೋ, ಇದರ ನಗು ನೋಡಿ ಅತ್ತಿಗೆ. ಎಷ್ಟು ದೊಡ್ಡದು,” ಅಂದಳು ನಾದಿನಿ.

ಸೊಸೆ ನೋಡಿದಳು. ಮಗುವಿನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಏನಾದರೂ ಅನ್ನಿಸುತ್ತದೆಯೇನೋ ಅಂತ ಕಾದಳು. ಏನೂ ಅನ್ನಿಸಲಿಲ್ಲ. ಆದರೆ ಕಣ್ಣು ತೆಗೆಯಲಿಲ್ಲ.

ಅತ್ತೆ ತರಕಾರಿ ಚೀಲದೊಂದಿಗೆ ಬಂದು ಬಾಗಿಲಲ್ಲಿ ನಿಂತರು. ಚೀಲ ಕೆಳಗಿಟ್ಟರು.

“ಇವಳನ್ನ ಯಾಕೆ ಒಳಗೆ ಬಿಟ್ಟೆ?” ಅಂತ ಸೊಸೆಯನ್ನು ಕೇಳಿದರು.

“ನಾನೇ ಬಂದೆ ಅಮ್ಮ. ಬೈಯೋದಾದ್ರೆ ನನ್ನ ಬೈಯಿ. ಇನ್ನುಮೇಲೆ ಮಧ್ಯಾಹ್ನದ ಹಾಲು ನಾನು ಕುಡಿಸ್ತೀನಿ. ಅತ್ತಿಗೆ ಮಲಗಲಿ.”

“ನಿನಗೇನು ತಲೆ ಕೆಟ್ಟಿದೆಯಾ?”

“ಕೆಟ್ಟಿದ್ರೆ ಕೆಟ್ಟಿರಲಿ. ನಾಳೆ ನನಗೂ ಇಂಥದೇ ಹುಟ್ಟಿದ್ರೆ ಏನ್ ಮಾಡ್ತೀಯ? ನನ್ನನ್ನ ಯಾವ ಕೋಣೇಲಿ ಇಡ್ತೀಯ? ಇರೋದೇ ಎರಡು.”

ಅತ್ತೆ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದರು. ಆ ದಿನದಿಂದ ಹಿಂದಿನ ಕೋಣೆಯ ಬಾಗಿಲು ಹಗಲೆಲ್ಲ ತೆರೆದೇ ಇರತೊಡಗಿತು.

ಮಗುವಿನ ತೂಕ ಏರಿತು, ಆಮೇಲೆ ನಿಜವಾಗಿಯೂ ನೆಗಡಿಯಾಗಿ ಇಳಿಯಿತು. ಮೂಗು ಕಟ್ಟಿದ ಮಗುವಿಗೆ ಹಾಲು ಇಳಿಯದು. ಡಾಕ್ಟರಮ್ಮ ಆಪರೇಷನ್ ಮುಂದಕ್ಕೆ ಹಾಕಿದರು. ಅದರ ಹಿಂದೆಯೇ ಸೊಸೆಗೆ ಜ್ವರ ಬಂತು. ಎದೆ ಗಡ್ಡೆಕಟ್ಟಿ ನೋವು, ಎದ್ದು ಕೂರಲಾಗದು. ನಾದಿನಿಗೆ ಮೆಟ್ಟಿಲು ಇಳಿದು ಹತ್ತಲು ಆಗುತ್ತಿರಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ. ವಾರದ ತೂಕಕ್ಕೆ ಮಗುವನ್ನು ಕರೆದುಕೊಂಡು ಹೋಗುವವರು ಯಾರು?

“ನಾನು ಹೋಗ್ತೀನಿ,” ಅಂದರು ಅತ್ತೆ, ಯಾರೂ ಕೇಳುವ ಮೊದಲೇ. ದಡಬಡಿಸಿ ಬೇರೆ ಸೀರೆ ಉಟ್ಟರು. ಮಗುವಿಗೆ ಮೀಸೆ ತಂದ ಟೋಪಿ ಹಾಕಿದರು. ಬಟ್ಟೆ ಹೊದಿಸಿದರು, ಮುಖದ ಮೇಲೆ ಎಳೆಯಲು ಹೋದರು. ಮಗುವಿಗೆ ಮೂಗು ಕಟ್ಟಿತ್ತು. ಮುಖ ಮುಚ್ಚಿದರೆ ಉಸಿರಾಡಲು ಒದ್ದಾಡುತ್ತಿತ್ತು. ಎರಡು ಸಲ ಎಳೆದರು, ಎರಡು ಸಲ ತೆಗೆದರು. ಕೊನೆಗೆ ಹಾಗೆಯೇ ಎತ್ತಿಕೊಂಡು ಮೆಟ್ಟಿಲಿಳಿದರು. ಹಾಸಿಗೆಯಲ್ಲಿ ಮಲಗಿದ್ದ ಸೊಸೆಗೆ ಆ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿತು. ಕೆಳಗೆ ನಿಂತಿದ್ದೂ ಕೇಳಿತು.

ಬಂದಾಗ ಅತ್ತೆಯ ಮುಖ ಕೆಂಪಾಗಿತ್ತು. ಮಗುವನ್ನು ಸೊಸೆಯ ಪಕ್ಕ ಮಲಗಿಸಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ಕೆಳಗಿನ ಮನೆಯವಳು ನೋಡಿದಳು.”

“ಏನಂದ್ರು?” ಸೊಸೆ ಕೇಳಿದಳು.

“ಕಾಮಾಲೆ ವಾಸಿಯಾಯ್ತಾ ಅಂದಳು, ನೋಡಿಕೊಂಡೇ.” ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡರು. “ಆಮೇಲೆ ಒಳಗೆ ಕರೆದು ಕೂರಿಸಿದಳು. ಅವಳ ಎರಡನೆಯವನಿಗೆ, ಅದೇ ಯಾವಾಗಲೂ ಚೆಂಡು ಬಡೀತಾನಲ್ಲ, ಅವನಿಗೆ ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತಂತೆ. ಎದೆ ಕುಯ್ದಿದಾರಂತೆ. ಅದಕ್ಕೇ ಯಾವತ್ತೂ ಅಂಗಿ ಬಿಚ್ಚಲ್ಲ ಅವನು. ಆಸ್ಪತ್ರೇಲಿ ಸಾಲಲ್ಲಿ ಕೂತಿದ್ದಾಗ ಇನ್ನೊಬ್ಬಳು ಸಿಕ್ಕಿದಳು, ಔಷಧಿ ಅಂಗಡಿಯವನ ಸೊಸೆ. ಅವಳ ಮಗೂಗೆ ಪಾದ ಒಳಗೆ ತಿರುಗಿದೆ, ಪಟ್ಟಿ ಹಾಕಿದಾರೆ. ಅವರ ಮನೆ ಮುಂದೆ ನಾನು ದಿನಾ ಓಡಾಡ್ತೀನಿ.” ಉಸಿರು ಬಿಟ್ಟರು. “ಎಲ್ಲರ ಮನೇಲೂ ಇದೆ. ಒಬ್ಬರಾದ್ರೂ ಬಾಯಿ ಬಿಟ್ಟಿರಲಿಲ್ಲ.”

ಆ ಕೊನೆಯ ಮಾತಿನಲ್ಲಿ ಸಿಟ್ಟಿತ್ತು; ಬೀದಿಯವರೆಲ್ಲ ಸೇರಿಕೊಂಡು ತನಗೊಬ್ಬಳಿಗೆ ಮೋಸ ಮಾಡಿದರು ಅನ್ನುವಂಥ ಸಿಟ್ಟು.

“ತೂಕ ಎಷ್ಟಾಯ್ತು ಅತ್ತೆ?”

“ಏರಿದೆ. ಚೂರು ಏರಿದೆ. ಒಳಲೆ ಎಲ್ಲಿ? ಇವತ್ತು ನಾನೇ ಕುಡಿಸ್ತೀನಿ. ನೀನು ಹಾಲು ತೆಗೆದು ಕೊಡು, ಸಾಕು.”

ಅತ್ತೆಯ ಕೈ ಪಳಗಿದ ಕೈ. ಹನಿ ಬಿಡುವುದರಲ್ಲಿ ಸೊಸೆಗಿಂತಲೂ ಹದ ಇತ್ತು. ಕುಡಿಸುತ್ತ ಮಗುವಿನ ಜೊತೆ ವಾದ ಮಾಡುತ್ತಿದ್ದರು. “ನುಂಗು. ನುಂಗೇ. ನಿನ್ನ ಅಪ್ಪನೂ ಹೀಗೇ ಮೊಂಡ. ಐದು ಕಿಲೋ ಆಗಬೇಕು, ನನ್ನ ಮುಖ ನೋಡಿದ್ರೆ ಆಗಲ್ಲ.” ಮಗು ಅವರ ಮುಖ ನೋಡಿ ನಗುತ್ತಿತ್ತು, ಹಾಲು ಪಕ್ಕದಿಂದ ಸೋರಿಹೋಗುತ್ತಿತ್ತು. “ಕುಡಿಯುವಾಗ ನಗಬಾರದು,” ಅಂತ ಅತ್ತೆ ಗದರುತ್ತಿದ್ದರು.

ಐದು ಕಿಲೋ ಆಯಿತು. ಆಪರೇಷನ್ ಆಯಿತು. ಒಳಗೆ ಹೋದ ಮಗು ಹೊರಗೆ ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ನಾದಿನಿಯೊಬ್ಬಳನ್ನು ಬಿಟ್ಟು ಎಲ್ಲರೂ ಕೂತಿದ್ದರು. ಮಾವ ಅಲ್ಲಿಯ ಲಿಫ್ಟು ಸರಿಯಾಗಿ ನಿಲ್ಲುತ್ತಿಲ್ಲ ಅಂತ ಎರಡು ಸಲ ಎದ್ದು ಹೋಗಿ ನೋಡಿಬಂದರು. ಗಂಡ ಉಗುರು ಕಚ್ಚಿದ. ಸೊಸೆ ಗಡಿಯಾರದ ಕೆಳಗಿನ ಗೋಡೆ ನೋಡುತ್ತ ಕೂತಿದ್ದಳು. ಡಾಕ್ಟರಮ್ಮ ಬಂದು “ಚೆನ್ನಾಗಾಯ್ತು” ಅಂದಾಗ ಅತ್ತೆ ಮಗನ ತೋಳು ಹಿಡಿದುಕೊಂಡರು. ಸೊಸೆ “ಹೂಂ” ಅಂದಳು.

ಮಗುವಿನ ಮೊಣಕೈಗಳಿಗೆ ಗಟ್ಟಿ ಪಟ್ಟಿ ಸುತ್ತಿದ್ದರು, ಬಾಯಿಗೆ ಕೈ ಹಾಕದಿರಲಿ ಅಂತ. ಮುಖ ಊದಿತ್ತು. ತುಟಿಯ ಮೇಲೆ ಸಣ್ಣ ಸಣ್ಣ ಹೊಲಿಗೆ. ಅಂಥ ಹೊಲಿಗೆ ತಮ್ಮ ಲೈನಿನಲ್ಲಿ ಯಾರಿಗೂ ಬರದು ಅಂತ ಸೊಸೆಗೆ ಅನ್ನಿಸಿತು.

ಮನೆಗೆ ಬಂದ ಮೇಲೆ ಜನ ಬಂದರು. ಕೆಳಗಿನ ಮನೆಯಾಕೆ, ಮೀಸೆ, ಫ್ಯಾಕ್ಟರಿಯ ಇಬ್ಬರು. ಎಲ್ಲರೂ ಚೆನ್ನಾಗಿದೆ ಅಂದರು. ಊತ ಇಳಿದಂತೆ ನಿಜವಾಗಿಯೂ ಚೆನ್ನಾಗಿ ಕಂಡಿತು. ಒಂದು ಪುಟ್ಟ ಬಾಯಿ, ಎಲ್ಲ ಮಕ್ಕಳ ಬಾಯಿಯಂಥದೇ ಬಾಯಿ. ಅತ್ತೆ ಮಗುವನ್ನು ಎತ್ತಿಕೊಂಡು ಮೆಟ್ಟಿಲಲ್ಲಿ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸತೊಡಗಿದರು.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ಮಗು ಎದುರಿಗೆ ಚಾಪೆಯ ಮೇಲೆ ಮಲಗಿತ್ತು. ಅವಳು ಚಾಕು ಇಟ್ಟು, ಚಿಟಿಕೆ ಹೊಡೆದು, “ಏ ಪಾಪು,” ಅಂದಳು. ಮಗು ಅವಳ ಕಡೆ ನೋಡಿ ನಕ್ಕಿತು. ತುಟಿಯ ಅಂಚು ಅಷ್ಟೇ ಅಷ್ಟು ಮೇಲೇರಿ ನಿಂತಿತು. ಅಚ್ಚುಕಟ್ಟಾದ, ಸಣ್ಣ ನಗು. ಅವಳು ಕಾದಳು. ಮತ್ತೆ ಚಿಟಿಕೆ ಹೊಡೆದಳು. ಮತ್ತೆ ಅದೇ ಸಣ್ಣ ನಗು. ಮುಖದ ತುಂಬ ಹರಡುತ್ತಿದ್ದ ಆ ಇನ್ನೊಂದು ಬರಲಿಲ್ಲ.

ಅವಳ ಕಣ್ಣಿಂದ ನೀರು ಇಳಿಯಿತು. ಮೊದಲು ಆಲೂಗಡ್ಡೆಯ ಮೇಲೆ ಬಿದ್ದದ್ದು ಏನೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ನಿ‌ಲ್ಲಿಸಲು ಆಗಲಿಲ್ಲ. ಆಸ್ಪತ್ರೆಯಿಂದ ಇಲ್ಲಿಯವರೆಗೆ ಬಾರದೇ ಇದ್ದದ್ದೆಲ್ಲ ಒಟ್ಟಿಗೆ ಬಂತು, ಸದ್ದು ಮಾಡಿಕೊಂಡು, ಮೈ ಅಲುಗಿಸಿಕೊಂಡು.

ಅತ್ತೆ ಓಡಿಬಂದರು. “ಏನಾಯ್ತು? ಕೈ ಕುಯ್ಕೊಂಡ್ಯಾ? ಮಗೂಗೇನಾಯ್ತು?”

ಸೊಸೆ ತಲೆಯಾಡಿಸಿದಳು.

“ಮತ್ತೆ? ಎಲ್ಲ ಸರಿಹೋಯ್ತಲ್ಲ. ಈಗ ಯಾಕೆ?”

“ಆ ನಗು ಹೋಯ್ತು ಅತ್ತೆ,” ಅಂದಳು ಅವಳು. “ಮೊದಲಿನದು.”

ಅತ್ತೆ ಚಾಪೆಯ ಮೇಲಿದ್ದ ಮಗುವನ್ನು ನೋಡಿದರು. ನಿಧಾನವಾಗಿ, ಮೊಣಕಾಲು ಹಿಡಿದುಕೊಂಡು, ಸೊಸೆಯ ಪಕ್ಕ ನೆಲಕ್ಕೆ ಕೂತರು.

“ನಾನೂ ಅದನ್ನೇ ಹುಡುಕ್ತಾ ಇದೀನಿ,” ಅಂದರು. “ಮೆಟ್ಟಿಲಲ್ಲಿ ಕೂರಿಸ್ಕೊಂಡು ನಗಿಸ್ತೀನಲ್ಲ, ಬರುತ್ತೇನೋ ಅಂತ. ಬರ್ತಾ ಇಲ್ಲ. ಹೇಳಿದ್ರೆ ನೀವೆಲ್ಲ ನಗ್ತೀರ ಅಂತ ಸುಮ್ಮನಿದ್ದೆ.”

ಸೊಸೆಯ ಮುಂದಿನಿಂದ ಮಣೆ, ಚಾಕು ತಮ್ಮ ಕಡೆಗೆ ಎಳೆದುಕೊಂಡರು.

“ಅಳು, ಅತ್ತು ಮುಗಿಸು. ಇದನ್ನ ನಾನು ಹೆಚ್ತೀನಿ.”